ರಾತ್ರಿ ಗೊತ್ತಿದ್ದದ್ದು ಪರೀಕ್ಷೆಯಲ್ಲಿ ಎಲ್ಲಿ ಹೋಯಿತು? ಹತ್ತನೇ ತರಗತಿ ಕೆಮಿಸ್ಟ್ರಿಗೆ ಎರಡು ತಿಂಗಳ ತಯಾರಿ

ಪ್ರಶ್ನೆ: ಟೀಚರೇ, ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದುತ್ತಿದ್ದೇನೆ. ಕ್ರಿಸ್ಮಸ್ ಪರೀಕ್ಷೆಯಲ್ಲಿ ಕೆಮಿಸ್ಟ್ರಿಗೆ 40ರಲ್ಲಿ 17 ಬಂತು. ಓದದೆ ಕೂತವಳಲ್ಲ. ದಿನಾ ಒಂದು ಗಂಟೆ ಪಾಠ ಓದುತ್ತೇನೆ, ಮುಖ್ಯವಾದದ್ದಕ್ಕೆ ಗೆರೆ ಹಾಕುತ್ತೇನೆ. ರಾತ್ರಿ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಪರೀಕ್ಷೆಯಲ್ಲಿ ಬರೆಯಲು ಹೋದರೆ ಏನೂ ಬರುವುದಿಲ್ಲ. ಯೂಟ್ಯೂಬಿನಲ್ಲಿ ಒಳ್ಳೆಯ ಕ್ಲಾಸುಗಳೆಲ್ಲ ಮಲಯಾಳದಲ್ಲಿವೆ. ಬೆಂಗಳೂರಿನವರ ಕನ್ನಡ ವಿಡಿಯೊ ನೋಡಿದರೆ ಅದು ನಮ್ಮ ಪಾಠವೇ ಅಲ್ಲ. ಅಪ್ಪ ಟ್ಯೂಶನ್‌ಗೆ ಸೇರಿಸುತ್ತೇನೆ ಎನ್ನುತ್ತಾರೆ. ಮಾರ್ಚ್ ಪರೀಕ್ಷೆಗೆ ಇನ್ನು ಎರಡು ತಿಂಗಳು. ಎಲ್ಲಿಂದ ಶುರು ಮಾಡಲಿ, ಹೇಗೆ ಓದಲಿ?

ಉತ್ತರ: ನಿನ್ನ ಪತ್ರ ಓದಿ ಒಂದು ವಾಕ್ಯಕ್ಕೆ ನಾನೂ ಗೆರೆ ಹಾಕಿಟ್ಟೆ. "ರಾತ್ರಿ ಎಲ್ಲ ಗೊತ್ತಿದೆ ಅನ್ನಿಸುತ್ತದೆ" ಎಂದು ಬರೆದಿದ್ದೀಯಲ್ಲ, ಅದಕ್ಕೆ. ಈ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇಪ್ಪತ್ತೆಂಟು ವರ್ಷ ಕೆಮಿಸ್ಟ್ರಿ ಕಲಿಸಿದ್ದೇನೆ. ಕಷ್ಟಪಟ್ಟು ಓದಿಯೂ ಅಂಕ ಬಾರದವರು ಬಹುಪಾಲು ಇದೇ ಮಾತು ಹೇಳುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ರಾತ್ರಿ ನಿಜವಾಗಿಯೂ ಹಾಗೆ ಅನ್ನಿಸುತ್ತದೆ. ಪುಸ್ತಕ ತೆರೆದು ಕಣ್ಣೆದುರು ಇರುವಾಗ ಪ್ರತಿಯೊಂದು ಸಾಲೂ ಪರಿಚಿತವಾಗಿ ಕಾಣುತ್ತದೆ. ದಿನಾ ಒಂದೇ ಬಸ್ಸಿನಲ್ಲಿ ಬರುವವರ ಮುಖ ಗುರುತಿರುತ್ತದೆ, ಅವರ ಹೆಸರು ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ. ಪರೀಕ್ಷೆ ಕೇಳುವುದು ಹೆಸರನ್ನು.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಃಶಾಸ್ತ್ರಜ್ಞರು 2006ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಒಮ್ಮೆ ಓದಿ, ಹಾಳೆ ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಮುಚ್ಚಿಟ್ಟು ಬರೆದವರು ಅವರನ್ನು ಎಷ್ಟೋ ಹಿಂದೆ ಹಾಕಿದ್ದರು. ನಿನ್ನ ರಾತ್ರಿಯ ಧೈರ್ಯ ಆ ಐದು ನಿಮಿಷದ್ದು. ಆದ್ದರಿಂದ ಇಂದಿನಿಂದ ನಿನ್ನ ಒಂದು ಗಂಟೆಯಲ್ಲಿ ಪುಸ್ತಕ ತೆರೆದಿರುವ ಹೊತ್ತಿಗಿಂತ ಮುಚ್ಚಿರುವ ಹೊತ್ತು ಜಾಸ್ತಿಯಾಗಬೇಕು. ನಾನು ಕೊಡುವ ಯೋಜನೆಯೆಲ್ಲ ಇದರ ಮೇಲೆ ನಿಂತಿದೆ.

ಶುರು ಎಲ್ಲಿಂದ ಎಂದು ಕೇಳಿದ್ದೀಯ. ಮೊದಲನೇ ಪಾಠದಿಂದ ಅಲ್ಲ. ಕ್ರಿಸ್ಮಸ್ ಪರೀಕ್ಷೆಯ ಉತ್ತರಪತ್ರಿಕೆಯಿಂದ. ಕಡಿಮೆ ಅಂಕದ ಪತ್ರಿಕೆಯನ್ನು ಮಕ್ಕಳು ಮಡಚಿ ಚೀಲದ ತಳಕ್ಕೆ ಹಾಕುವುದನ್ನು ನೋಡಿದ್ದೇನೆ. ಅದರಷ್ಟು ಬೆಲೆಬಾಳುವ ಪುಸ್ತಕ ಈಗ ನಿನಗೆ ಬೇರೆ ಇಲ್ಲ. ಹೋದ 23 ಅಂಕ ಎಲ್ಲೆಲ್ಲಿ ಹೋಯಿತು ಎಂದು ಒಂದೊಂದಾಗಿ ನೋಡು. ಪ್ರತಿ ತಪ್ಪಿನ ಎದುರು ಒಂದೇ ಮಾತು ಬರೆ: "ಗೊತ್ತಿರಲಿಲ್ಲ", "ಮರೆತೆ", "ಪ್ರಶ್ನೆ ಅರ್ಥವಾಗಲಿಲ್ಲ", "ಗೊತ್ತಿತ್ತು, ತಪ್ಪು ಬರೆದೆ", "ಹೊತ್ತು ಸಾಲಲಿಲ್ಲ". ಈ ಐದಕ್ಕೂ ಮದ್ದು ಬೇರೆ ಬೇರೆ. ಗೊತ್ತಿರದಿದ್ದರೆ ಪಾಠ ಕಲಿಯಬೇಕು, ಮರೆತಿದ್ದರೆ ಮುಚ್ಚಿಟ್ಟು ಬರೆಯಬೇಕು, ತಪ್ಪು ಬರೆದಿದ್ದರೆ ಆ ಜಾತಿಯ ಲೆಕ್ಕ ಹತ್ತು ಮಾಡಬೇಕು. ಎಲ್ಲಕ್ಕೂ "ಇನ್ನೊಮ್ಮೆ ಓದುತ್ತೇನೆ" ಎಂಬ ಒಂದೇ ಔಷಧ ಹಾಕಿದ್ದರಿಂದಲೇ ಇಷ್ಟು ದಿನ ಗುಣ ಕಾಣಲಿಲ್ಲ. ಮೂರನೆಯದಕ್ಕೆ, ಅಂದರೆ ಪ್ರಶ್ನೆಯೇ ಅರ್ಥವಾಗದ್ದಕ್ಕೆ, ಕಾಸರಗೋಡಿನ ಮಕ್ಕಳಾದ ನಿಮಗೆ ಬೇರೆಯೇ ಒಂದು ಕಾರಣವಿದೆ. ಅದನ್ನು ಮೊದಲು ಬಿಡಿಸೋಣ.

ಕರ್ನಾಟಕದ ಹತ್ತನೇ ತರಗತಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಸೇರಿ ವಿಜ್ಞಾನ ಎಂಬ ಒಂದೇ ಪತ್ರಿಕೆ. ಅಲ್ಲಿನ ಪುಸ್ತಕ ಎನ್‌ಸಿಇಆರ್‌ಟಿಯದು. ಆಮ್ಲ, ಪ್ರತ್ಯಾಮ್ಲ, ಲವಣಗಳಿಗೆ ಅದರಲ್ಲಿ ಒಂದು ಇಡೀ ಅಧ್ಯಾಯವಿದೆ. ಮೋಲ್ ಲೆಕ್ಕವಾಗಲೀ ಎಸ್, ಪಿ, ಡಿ ಉಪಕವಚಗಳ ಇಲೆಕ್ಟ್ರಾನ್ ವಿನ್ಯಾಸವಾಗಲೀ ಇಲ್ಲ. ಕೇರಳದ ಪಾಠ ಓದುವ ನಿಮಗೆ ಅವೆರಡೂ ಬೆನ್ನೆಲುಬು. ಆದ್ದರಿಂದ ಭಾಷೆ ನಮ್ಮದೆಂಬ ಪ್ರೀತಿಗೆ ಬೆಂಗಳೂರಿನ ವಿಡಿಯೊ ನೋಡುತ್ತ ಕೂರಬೇಡ. ಲೋಹ ಮತ್ತು ಕಾರ್ಬನ್ ಸಂಯುಕ್ತಗಳ ಭಾಗ ಸ್ವಲ್ಪ ಹೊಂದುತ್ತದೆ, ಅಷ್ಟು ಮಾತ್ರ ನೋಡು. ಮಲಯಾಳದ ಕ್ಲಾಸುಗಳು ಪಾಠಕ್ಕೆ ಸರಿಯಾಗಿ ಹೊಂದುತ್ತವೆ. ನಿನಗೆ ಮಲಯಾಳ ಕೇಳಿದರೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ. ಹಾಗಿದ್ದರೆ ಅದನ್ನು ಧೈರ್ಯವಾಗಿ ಬಳಸು, ಆದರೆ ಪದಗಳ ಬಗ್ಗೆ ಎಚ್ಚರವಿರಲಿ. ನಾವು ಧಾತು ಎಂದು ಕರೆಯುವುದನ್ನು ಅವರು ಮೂಲಕಂ ಎನ್ನುತ್ತಾರೆ. ಅವರು ಧಾತು ಎಂದರೆ ಅದು ಖನಿಜ. ಲೋಹಗಳ ಪಾಠದಲ್ಲಿ ಇದೊಂದು ಪದ ಎಷ್ಟು ಗೊಂದಲ ಮಾಡಬಲ್ಲದು ನೋಡು. ನಮ್ಮ ಉತ್ಕರ್ಷಣ ಅವರಿಗೆ ಓಕ್ಸೀಕರಣಂ, ನಮ್ಮ ಅಪಕರ್ಷಣ ಅವರಿಗೆ ನಿರೋಕ್ಸೀಕರಣಂ, ನಮ್ಮ ಅದಿರು ಅವರಿಗೆ ಅಯಿರ್.

ಒಂದು ಚಿಕ್ಕ ನೋಟ್‌ಬುಕ್ ತೆಗೆದುಕೊಂಡು ಪುಟವನ್ನು ಮೂರು ಪಾಲು ಮಾಡು: ಪುಸ್ತಕದ ಕನ್ನಡ ಪದ, ಕ್ಲಾಸಿನಲ್ಲಿ ಕೇಳಿದ ಮಲಯಾಳ ಪದ, ಇಂಗ್ಲಿಷ್ ಪದ. ಇಡೀ ವರ್ಷದ ಪಾಠದಲ್ಲಿ ಇಂಥ ಪದಗಳು ಎಂಬತ್ತೋ ನೂರೋ ಆಗಬಹುದು, ಹೆಚ್ಚಿಲ್ಲ. ಪ್ರಶ್ನೆಪತ್ರಿಕೆಯ ಕನ್ನಡ ಪುಸ್ತಕದ ಕನ್ನಡವೇ ಆಗಿರುವುದರಿಂದ ಉತ್ತರವನ್ನು ಮೊದಲ ಪಾಲಿನ ಪದದಲ್ಲೇ ಬರೆಯುವ ಅಭ್ಯಾಸ ಮಾಡು. ಮೂರನೆಯ ಪಾಲು ಪ್ಲಸ್ ಟುಗೆ ಸೈನ್ಸ್ ತೆಗೆದುಕೊಂಡರೆ ಮೊದಲ ದಿನದಿಂದ ಬೇಕಾಗುತ್ತದೆ. ಕನ್ನಡ ಮಾಧ್ಯಮದಿಂದ ಹೋದ ನನ್ನ ಮಕ್ಕಳು ಪ್ಲಸ್ ವನ್‌ನ ಮೊದಲ ಎರಡು ತಿಂಗಳು ಕಣ್ಣೀರು ಹಾಕಿದ್ದು ಪಾಠ ಕಷ್ಟವಾಗಿ ಅಲ್ಲ, ಗೊತ್ತಿದ್ದ ಸಂಗತಿಯ ಹೆಸರು ಗೊತ್ತಾಗದೆ.

ಈಗ ಪಾಠಗಳಿಗೆ ಬರೋಣ. ಎಲ್ಲ ಅಧ್ಯಾಯಕ್ಕೂ ಸಮ ದಿನ ಹಂಚಬೇಡ. ಕೆಲವು ಪಾಠಗಳ ಮೇಲೆ ಬೇರೆ ಪಾಠಗಳು ಕೂತಿವೆ. ಇಲೆಕ್ಟ್ರಾನ್ ವಿನ್ಯಾಸ ಮತ್ತು ಮೋಲ್ ಆ ಜಾತಿಯವು. ಅವೆರಡಕ್ಕೆ ಮೊದಲ ಮೂರು ವಾರ ಕೊಟ್ಟುಬಿಡು.

ಇಲೆಕ್ಟ್ರಾನ್ ವಿನ್ಯಾಸದಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವ ಜಾಗ ಒಂದೇ. ಕಬ್ಬಿಣದ ಪರಮಾಣು ಸಂಖ್ಯೆ 26. ಕೊನೆಯಲ್ಲಿ 3ಡಿಯಲ್ಲಿ 6, 4ಎಸ್‌ನಲ್ಲಿ 2 ಇಲೆಕ್ಟ್ರಾನ್ ಎಂದು ಎಲ್ಲರೂ ಸರಿಯಾಗಿ ಬರೆಯುತ್ತಾರೆ. ಎರಡು ಇಲೆಕ್ಟ್ರಾನ್ ಕಳೆದುಕೊಂಡ ಅಯಾನಿನ ವಿನ್ಯಾಸ ಬರೆ ಎಂದರೆ ಅರ್ಧ ಕ್ಲಾಸು 3ಡಿಯಿಂದ ಎರಡು ತೆಗೆಯುತ್ತದೆ. ಕೊನೆಗೆ ತುಂಬಿದ್ದು ಅದು, ಆದ್ದರಿಂದ ಮೊದಲು ಹೋಗುವುದೂ ಅದೇ ಎಂಬ ಲೆಕ್ಕ. ಹೋಗುವುದು ಹೊರಗಿನ ಕವಚದ್ದು, ಅಂದರೆ 4ಎಸ್‌ನದು. ಉಳಿಯುವುದು 3ಡಿಯಲ್ಲಿ 6. ಮೂರು ಹೋದರೆ 4ಎಸ್‌ನ ಎರಡು, 3ಡಿಯ ಒಂದು. ಉಳಿಯುವುದು 3ಡಿಯಲ್ಲಿ 5. ಇದರ ಜೊತೆಗೆ ಕ್ರೋಮಿಯಂ ಮತ್ತು ತಾಮ್ರ ಎಂಬ ಎರಡು ಹಟಮಾರಿಗಳನ್ನು ಗಟ್ಟಿ ಮಾಡಿಕೊ. ಕ್ರೋಮಿಯಂನಲ್ಲಿ 3ಡಿ 5, 4ಎಸ್ 1. ತಾಮ್ರದಲ್ಲಿ 3ಡಿ 10, 4ಎಸ್ 1. ಅರ್ಧ ತುಂಬಿದ ಮತ್ತು ಪೂರ್ತಿ ತುಂಬಿದ ಡಿ ಉಪಕವಚಕ್ಕೆ ಸ್ಥಿರತೆ ಹೆಚ್ಚು ಎಂಬ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಲು ಕಲಿ.

ಮೋಲ್ ಎಂದರೆ ಹೆದರುವವರೇ ಹೆಚ್ಚು. ನಿಮ್ಮ ಮನೆಯಲ್ಲಿ ಅಡಿಕೆ ಕೊಡುವಾಗ ಒಂದೊಂದಾಗಿ ಎಣಿಸುತ್ತಾರೆಯೇ? ತೂಗುತ್ತಾರೆ. ಕಣಗಳನ್ನೂ ಹಾಗೆಯೇ ತೂಕದಿಂದ ಎಣಿಸುವ ಉಪಾಯ ಮೋಲ್. ನೀರಿನ ಅಣುರಾಶಿ 18. ಆದ್ದರಿಂದ 18 ಗ್ರಾಂ ನೀರು ಎಂದರೆ ಒಂದು ಮೋಲ್, ಅದರಲ್ಲಿ ಅವಗಾಡ್ರೊ ಸಂಖ್ಯೆಯಷ್ಟು ಅಣುಗಳು. ಯಾವ ಲೆಕ್ಕ ಕೊಟ್ಟರೂ ಮೊದಲು ಮೋಲ್‌ಗೆ ಬಾ, ಅಲ್ಲಿಂದ ಕೇಳಿದ ಕಡೆಗೆ ಹೋಗು. ಗ್ರಾಂನಿಂದ ನೇರವಾಗಿ ಲೀಟರಿಗೆ ಹಾರಬೇಡ. ನಿಮ್ಮ ಅಡುಗೆಮನೆಯ ಸಿಲಿಂಡರನ್ನೇ ತೆಗೆದುಕೊ. ಅದರಲ್ಲಿ 14.2 ಕಿಲೊ ಗ್ಯಾಸ್ ಇದೆ. ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ ಅದು, ಲೆಕ್ಕಕ್ಕಾಗಿ ಪೂರ್ತಿ ಬ್ಯೂಟೇನ್ ಎಂದಿಟ್ಟುಕೊ. ಬ್ಯೂಟೇನಿನ ಅಣುರಾಶಿ 58. 14,200ನ್ನು 58ರಿಂದ ಭಾಗಿಸಿದರೆ ಸುಮಾರು 245 ಮೋಲ್. ಎಸ್‌ಟಿಪಿಯಲ್ಲಿ, ಅಂದರೆ 0 ಡಿಗ್ರಿ ಸೆಲ್ಸಿಯಸ್ ಮತ್ತು ಒಂದು ಅಟ್ಮಾಸ್ಫಿಯರ್ ಒತ್ತಡದಲ್ಲಿ, ಒಂದು ಮೋಲ್ ಅನಿಲಕ್ಕೆ 22.4 ಲೀಟರ್. ಗುಣಿಸಿದರೆ ಹತ್ತಿರ ಹತ್ತಿರ 5,500 ಲೀಟರ್ ಅನಿಲ! ಅಷ್ಟನ್ನು ದ್ರವ ಮಾಡಿ ಆ ಸಿಲಿಂಡರಿಗೆ ತುಂಬಿದ್ದಾರೆ. ಹೀಗೆ ಒಮ್ಮೆ ಮಾಡಿದ ಲೆಕ್ಕ ಮರೆಯುವುದಿಲ್ಲ.

ಮುಂದಿನ ಗುಂಪು ಕ್ರಿಯಾಶೀಲತೆಯ ಶ್ರೇಣಿ, ವಿದ್ಯುತ್ ರಸಾಯನ, ಲೋಹಗಳ ತಯಾರಿ. ಮೂರನ್ನೂ ಒಟ್ಟಿಗೆ ಓದು, ಏಕೆಂದರೆ ಅದು ಒಂದೇ ಕತೆ. ಈ ಪಾಠ ನನಗೆ ಸರಿಯಾಗಿ ಕಲಿಸಲು ಬಂದದ್ದು ಒಬ್ಬ ಹುಡುಗನಿಂದ. ಕಬ್ಬಿಣದ ಮೊಳೆಯನ್ನು ಕಾಪರ್ ಸಲ್ಫೇಟಿನಲ್ಲಿ ಅದ್ದುವ ಪ್ರಯೋಗ ತೋರಿಸುತ್ತಿದ್ದೆ. ಮೊಳೆಯ ಮೇಲೆ ಕೆಂಪು ಬಂದಾಗ ಹಿಂದಿನ ಬೆಂಚಿನಿಂದ ಅವನು, "ಟೀಚರ್, ಮದ್ದು ಬಿಡುವ ದಿನ ನಮ್ಮಲ್ಲಿ ಕತ್ತಿ ಅದ್ದಿ ನೋಡುತ್ತಾರಲ್ಲ, ಇದೇ ಅದು" ಎಂದ. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ವಿಷಯ. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಮೈಲುತುತ್ತು ಎಂದರೆ ಕಾಪರ್ ಸಲ್ಫೇಟೇ. ಸುಣ್ಣ ಸಾಲದಿದ್ದರೆ ದ್ರಾವಣದಲ್ಲಿ ತಾಮ್ರದ ಅಯಾನು ಬಿಡುವಾಗಿ ಉಳಿಯುತ್ತದೆ. ಆಗ ಹೊಳೆಯುವ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿಟ್ಟರೆ ಕಬ್ಬಿಣ ಕರಗಿ ತಾಮ್ರ ಅದರ ಮೇಲೆ ಕೂರುತ್ತದೆ, ಅಲಗು ಕೆಂಪಾಗುತ್ತದೆ. ಇನ್ನಷ್ಟು ಸುಣ್ಣದ ನೀರು ಸೇರಿಸಬೇಕೆಂದು ಅದರ ಅರ್ಥ. ಕಬ್ಬಿಣದ ಪಾತ್ರೆಯಲ್ಲಿ ಮದ್ದು ಕಲಸಬಾರದು ಎಂದು ಹಿರಿಯರು ಹೇಳುವುದೂ ಇದಕ್ಕೇ. ನಿಮ್ಮಲ್ಲೂ ತೋಟವಿದ್ದರೆ ಅಪ್ಪನನ್ನು ಕೇಳು. ಅವರು ಹೇಳುವುದನ್ನು ಸಮೀಕರಣವಾಗಿ ಬರೆ: ಇಲೆಕ್ಟ್ರಾನ್ ಕೊಟ್ಟದ್ದು ಕಬ್ಬಿಣ, ಅದಕ್ಕೆ ಉತ್ಕರ್ಷಣ, ಪಡೆದದ್ದು ತಾಮ್ರದ ಅಯಾನು, ಅದಕ್ಕೆ ಅಪಕರ್ಷಣ. ರಾಸಾಯನಿಕ ಕ್ರಿಯೆಯಿಂದ ವಿದ್ಯುತ್ ಕೊಡುವ ಗ್ಯಾಲ್ವನಿಕ್ ಸೆಲ್‌ನಲ್ಲಿ ನಡೆಯುವುದೂ ಇದೇ ಕೊಡುಕೊಳ್ಳುವಿಕೆ, ನಡುವೆ ಒಂದು ತಂತಿ ಇದೆ ಅಷ್ಟೆ.

ಆನೋಡ್ ಧನವೋ ಋಣವೋ ಎಂದು ಬಾಯಿಪಾಠ ಮಾಡಲು ಹೋಗಬೇಡ. ಗ್ಯಾಲ್ವನಿಕ್ ಸೆಲ್‌ನಲ್ಲಿ ಅದು ಋಣ, ವಿದ್ಯುದ್ವಿಭಜನೆಯಲ್ಲಿ ಧನ. ಎರಡರಲ್ಲೂ ಬದಲಾಗದ್ದು ಒಂದಿದೆ: ಉತ್ಕರ್ಷಣ ನಡೆಯುವುದು ಆನೋಡಿನಲ್ಲಿ. ಅದನ್ನು ಹಿಡಿದುಕೊಂಡರೆ ಉಳಿದದ್ದು ತಾನೇ ಬರುತ್ತದೆ. ಕಾಯಿಸಿ ಕರಗಿಸಿದ ಸೋಡಿಯಂ ಕ್ಲೋರೈಡಿಗೂ ಅದರ ನೀರಿನ ದ್ರಾವಣಕ್ಕೂ ಇರುವ ವ್ಯತ್ಯಾಸ ಪರೀಕ್ಷೆಗೆ ಪ್ರಿಯವಾದ ಪ್ರಶ್ನೆ. ಮೊದಲನೆಯದರಲ್ಲಿ ಕ್ಯಾಥೋಡಿನಲ್ಲಿ ಸೋಡಿಯಂ, ಎರಡನೆಯದರಲ್ಲಿ ಹೈಡ್ರೋಜನ್.

ಅಮೋನಿಯ, ಸಲ್ಫ್ಯೂರಿಕ್ ಆಸಿಡ್‌ಗಳ ಭಾಗಕ್ಕೆ ನಾಲ್ಕೈದು ದಿನ ಸಾಕು. ಅಲ್ಲಿ ಬಾಯಿಪಾಠದ ಉತ್ತರಕ್ಕೆ ಅರ್ಧ ಅಂಕ, ಕಾರಣಕ್ಕೆ ಉಳಿದ ಅಂಕ. ಅಮೋನಿಯ ತಯಾರಿಯಲ್ಲಿ ಒತ್ತಡ ಏಕೆ ಹೆಚ್ಚಿರಬೇಕು? ಎಡಗಡೆ ಒಂದು ಮೋಲ್ ನೈಟ್ರೋಜನ್, ಮೂರು ಮೋಲ್ ಹೈಡ್ರೋಜನ್, ಒಟ್ಟು ನಾಲ್ಕು. ಬಲಗಡೆ ಎರಡು ಮೋಲ್ ಅಮೋನಿಯ. ಒತ್ತಿದರೆ ಕ್ರಿಯೆ ಮೋಲ್ ಕಡಿಮೆ ಇರುವ ಕಡೆಗೆ ಸರಿಯುತ್ತದೆ. ಉಷ್ಣತೆಯ ವಿಷಯ ಇನ್ನೂ ಸೂಕ್ಷ್ಮ. ಮುಮ್ಮುಖ ಕ್ರಿಯೆ ಶಾಖ ಬಿಡುವಂಥದ್ದಾದ್ದರಿಂದ ಕಡಿಮೆ ಉಷ್ಣತೆಯೇ ಲಾಭ, ಆದರೆ ತೀರ ಕಡಿಮೆಯಾದರೆ ಕ್ರಿಯೆ ನಿಧಾನವಾಗುತ್ತದೆ. ಆದ್ದರಿಂದ ನಡುವಿನ 450 ಡಿಗ್ರಿ ಸೆಲ್ಸಿಯಸ್. "ಏಕೆ" ಎಂದು ಕೇಳಿದಲ್ಲಿ "ಆದ್ದರಿಂದ" ಎಂಬ ಪದ ನಿನ್ನ ಉತ್ತರದಲ್ಲಿ ಇದೆಯೇ ನೋಡಿಕೊ.

ಕಾರ್ಬನಿಕ ಸಂಯುಕ್ತಗಳ ಹೆಸರಿಡುವಿಕೆ ಅಂಕ ಗಳಿಸಲು ಅತಿ ಸುಲಭವಾದ ಜಾಗ. ಅದು ನಿಯಮ ಗೊತ್ತಿದ್ದರೆ ತಪ್ಪದ ಆಟದ ಹಾಗೆ. ಅತಿ ಉದ್ದದ ಸರಪಳಿ ಹುಡುಕು, ಶಾಖೆಗೆ ಚಿಕ್ಕ ಸಂಖ್ಯೆ ಬರುವ ಕಡೆಯಿಂದ ಎಣಿಸು, ಹೆಸರು ಬರೆ. ಉದ್ದದ ಸರಪಳಿ ಯಾವಾಗಲೂ ನೇರ ಗೆರೆಯಲ್ಲಿ ಇರುವುದಿಲ್ಲ, ತಿರುಗಿಯೂ ಹೋಗಬಹುದು ಎಂಬುದೊಂದೇ ಬಲೆ. ದಿನಕ್ಕೆ ಐದು ರಚನೆಗೆ ಹೆಸರಿಡು, ಐದು ಹೆಸರಿಗೆ ರಚನೆ ಬರೆ. ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಲು ಹಾಕುವ ಫಾರ್ಮಿಕ್ ಆಸಿಡ್ ನಿನ್ನ ಪುಸ್ತಕದಲ್ಲಿ ಮೆಥನೋಯಿಕ್ ಆಸಿಡ್. ವಿನೆಗರಿನಲ್ಲಿರುವುದು ಎಥನೋಯಿಕ್ ಆಸಿಡ್. ಸಮಾಂಗಿಗಳಿಗೆ, ಅಂದರೆ ಅಣುಸೂತ್ರ ಒಂದೇ ಇದ್ದು ರಚನೆ ಬೇರೆಯಾದವಕ್ಕೆ, ಬ್ಯೂಟೇನ್ ಮತ್ತು 2-ಮೀಥೈಲ್‌ಪ್ರೊಪೇನ್‌ನಿಂದ ಶುರು ಮಾಡು.

ದಿನದ ಕ್ರಮ ಹೀಗಿರಲಿ. ಮೊದಲ ಹತ್ತು ನಿಮಿಷ ಖಾಲಿ ಹಾಳೆ ತೆಗೆದು ನಿನ್ನೆಯದನ್ನು ನೆನಪಿನಿಂದ ಬರೆ. ಬಾರದಿದ್ದರೂ ಕೂಡಲೇ ಪುಸ್ತಕ ತೆರೆಯಬೇಡ, ಸ್ವಲ್ಪ ಒದ್ದಾಡು. ನೆನಪು ಗಟ್ಟಿಯಾಗುವುದು ಆ ಒದ್ದಾಟದಲ್ಲೇ. ಆಮೇಲೆ ಇಪ್ಪತ್ತೈದು ನಿಮಿಷ ಹೊಸ ಭಾಗ. ಕೊನೆಯ ಇಪ್ಪತ್ತೈದು ನಿಮಿಷ ಮತ್ತೆ ಮುಚ್ಚಿಟ್ಟು ಬರೆಯುವುದು, ಪುಸ್ತಕದೊಡನೆ ಹೋಲಿಸಿ ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸುವುದು. ಆ ಹಾಳೆಗಳನ್ನು ಎಸೆಯಬೇಡ. ಮೂರು ದಿನ ಕಳೆದು ಕೆಂಪು ಇದ್ದದ್ದನ್ನಷ್ಟೆ ಮತ್ತೆ ಬರೆ, ಹತ್ತು ದಿನ ಕಳೆದು ಇನ್ನೊಮ್ಮೆ. ಅಲ್ಲಿಗೂ ಕೆಂಪಾಗಿ ಉಳಿದದ್ದನ್ನು ಟೀಚರ ಬಳಿ ತೆಗೆದುಕೊಂಡು ಹೋಗು. "ನನಗೆ ಕೆಮಿಸ್ಟ್ರಿ ಬರುವುದಿಲ್ಲ" ಎನ್ನುವ ಮಗುವಿಗೆ ಟೀಚರ್ ಏನೂ ಮಾಡಲಾರರು. "ಈ ಸಾಲು ನನಗೆ ಕೂರುತ್ತಿಲ್ಲ" ಎಂದರೆ ಐದು ನಿಮಿಷದಲ್ಲಿ ಬಿಡಿಸಿಕೊಡುತ್ತಾರೆ.

ಟ್ಯೂಶನ್ ಬಗ್ಗೆ ನನ್ನ ಅಭಿಪ್ರಾಯ ಇದು: ಶಾಲೆಯ ವಿಶೇಷ ತರಗತಿ ಮುಗಿಸಿ, ಬಸ್ಸು ಹಿಡಿದು ಟ್ಯೂಶನ್‌ಗೆ ಹೋಗಿ, ರಾತ್ರಿ ಮನೆ ಸೇರಿದರೆ ಮುಚ್ಚಿಟ್ಟು ಬರೆಯುವ ಹೊತ್ತೇ ಉಳಿಯುವುದಿಲ್ಲ. ಅಪ್ಪನಿಗೆ ಈ ಉತ್ತರ ಓದಲು ಕೊಡು. ಮೂರು ವಾರ ಹೀಗೆ ಮಾಡಿ ನೋಡಲು ಅವಕಾಶ ಕೇಳು. ಮೋಲ್ ಲೆಕ್ಕ ಆಗಲೂ ಕೂಡಿ ಬರದಿದ್ದರೆ ಅದೊಂದು ಪಾಠಕ್ಕೆ ಮಾತ್ರ ಯಾರಲ್ಲಾದರೂ ಹೇಳಿಸಿಕೊ.

ವಾರಗಳನ್ನು ಎಣಿಸುವಾಗ ಊರಿನ ಕ್ಯಾಲೆಂಡರನ್ನೂ ಎದುರಿಗಿಡು. ಜನವರಿ ನಡುವಿನಲ್ಲಿ ಕುಂಬಳೆ ದೇವಸ್ಥಾನದ ಬೆಡಿ, ಅಂದರೆ ಸುಡುಮದ್ದಿನ ಉತ್ಸವ, ಇದೆ, ಆಮೇಲೆ ಭೂತದ ನೇಮ, ಜಾತ್ರೆ, ಯಕ್ಷಗಾನದ ಆಟ, ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ. ಇವೆಲ್ಲ ಇಲ್ಲವೆಂದುಕೊಂಡು ಬರೆದ ಟೈಮ್‌ಟೇಬಲ್ ಒಂದು ವಾರ ಬಾಳುವುದಿಲ್ಲ. ಬೆಡಿಗೆ ಹೋಗಬೇಕೆಂದಿದ್ದರೆ ಹೋಗು, ಆ ದಿನಕ್ಕೆ ಮೊದಲೇ ಖಾಲಿ ಬಿಡು. ವಾರದಲ್ಲಿ ಆರು ದಿನದ ಕೆಲಸವನ್ನೇ ಬರೆ, ಏಳನೆಯದು ಹಿಂದುಳಿದದ್ದಕ್ಕೆ.

ಫೆಬ್ರವರಿಯ ಮಾಡೆಲ್ ಪರೀಕ್ಷೆಯ ಹೊತ್ತಿಗೆ ಎಲ್ಲ ಪಾಠ ಒಂದು ಸುತ್ತು ಮುಗಿದಿರಲಿ. ಅದರ ಪತ್ರಿಕೆಗೂ ಕ್ರಿಸ್ಮಸ್ ಪತ್ರಿಕೆಗೆ ಮಾಡಿದ ಹಾಗೆಯೇ ಮಾಡು. ಅಲ್ಲಿಂದ ಕೊನೆಯವರೆಗೆ ಹೊಸದಾಗಿ ಓದುವುದು ಬೇಡ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ನೋಡಿ, ಒಂದೂವರೆ ಗಂಟೆ ಎದ್ದೇಳದೆ ಬರೆ. ಬರೆಯುವ ಮೊದಲು ಪ್ರಶ್ನೆ ಓದಲು ಸಿಗುವ ಹದಿನೈದು ನಿಮಿಷದ ಕೂಲ್ ಆಫ್ ಟೈಮನ್ನೂ ಮನೆಯಲ್ಲೇ ಅಭ್ಯಾಸ ಮಾಡು. ಬಹಳ ಮಕ್ಕಳು ಆ ಹೊತ್ತಿನಲ್ಲಿ ಕಿಟಕಿ ನೋಡುತ್ತ ಕೂರುತ್ತಾರೆ. ನಿನಗೆ ಅದು ಆಯ್ಕೆ ಮಾಡುವ ಹೊತ್ತು. ಆಯ್ಕೆ ಕೊಟ್ಟ ಕಡೆ ಯಾವುದನ್ನು ಬಿಡಬೇಕೆಂದು ಆಗಲೇ ತೀರ್ಮಾನಿಸು, ಲೆಕ್ಕದ ಪ್ರಶ್ನೆಯಲ್ಲಿ ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಎಂದು ಮನಸ್ಸಿನಲ್ಲೇ ಬೇರೆ ಮಾಡು. 40 ಅಂಕಕ್ಕೆ 90 ನಿಮಿಷ ಎಂದರೆ ಅಂಕಕ್ಕೆ ಎರಡು ನಿಮಿಷ, ಮೇಲೆ ಹತ್ತು ನಿಮಿಷ ತಿದ್ದಲು. ನಾಲ್ಕು ಅಂಕದ ಪ್ರಶ್ನೆಗೆ ಎಂಟು ನಿಮಿಷ ದಾಟಿತೆಂದರೆ ಜಾಗ ಬಿಟ್ಟು ಮುಂದೆ ಹೋಗು.

ಇಂದು ರಾತ್ರಿಗೆ ಐದು ಪ್ರಶ್ನೆ ಕೊಡುತ್ತೇನೆ. ಇದರ ಕೆಳಗಿನ ಸಾಲುಗಳನ್ನು ಕೈಯಿಂದ ಮುಚ್ಚಿಕೊಂಡು ಮಾಡು. ಒಂದು, 36 ಗ್ರಾಂ ನೀರಿನಲ್ಲಿ ಎಷ್ಟು ಮೋಲ್, ಒಟ್ಟು ಎಷ್ಟು ಪರಮಾಣು? ಎರಡು, ಅದೇ 36 ಗ್ರಾಂ ನೀರಿನ ಗಾತ್ರ ಎಷ್ಟು? ಮೂರು, 28 ಗ್ರಾಂ ನೈಟ್ರೋಜನ್ ಪೂರ್ತಿಯಾಗಿ ಅಮೋನಿಯವಾದರೆ ಎಷ್ಟು ಗ್ರಾಂ ಅಮೋನಿಯ? ನಾಲ್ಕು, ಪರಮಾಣು ಸಂಖ್ಯೆ 25 ಇರುವ ಮ್ಯಾಂಗನೀಸ್ ಎರಡು ಇಲೆಕ್ಟ್ರಾನ್ ಕಳೆದುಕೊಂಡರೆ 3ಡಿಯಲ್ಲಿ ಎಷ್ಟು ಉಳಿಯುತ್ತವೆ? ಐದು, ಮೈಲುತುತ್ತಿನ ದ್ರಾವಣದಲ್ಲಿ ಸತುವಿನ ತುಂಡನ್ನೂ ಬೆಳ್ಳಿಯ ತುಂಡನ್ನೂ ಅದ್ದಿದರೆ ಯಾವುದರ ಮೇಲೆ ತಾಮ್ರ ಕೂರುತ್ತದೆ?

ಉತ್ತರಗಳು: ಮೊದಲನೆಯದಕ್ಕೆ ಎರಡು ಮೋಲ್, ಪರಮಾಣುಗಳು ಅವಗಾಡ್ರೊ ಸಂಖ್ಯೆಯ ಆರು ಪಟ್ಟು; ಎರಡನೆಯದಕ್ಕೆ ಸುಮಾರು 36 ಮಿಲಿಲೀಟರ್; ಮೂರನೆಯದಕ್ಕೆ 34 ಗ್ರಾಂ; ನಾಲ್ಕನೆಯದಕ್ಕೆ ಐದು ಇಲೆಕ್ಟ್ರಾನ್; ಐದನೆಯದಕ್ಕೆ ಸತುವಿನ ಮೇಲೆ ಮಾತ್ರ. ಎರಡನೆಯದಕ್ಕೆ 44.8 ಲೀಟರ್ ಎಂದು ಬರೆದಿದ್ದರೆ ಆ ತಪ್ಪನ್ನೇ ಕೆಂಪು ಶಾಯಿಯಲ್ಲಿ ಮೊದಲ ಹಾಳೆಯ ಮೇಲೆ ಬರೆದುಕೊ: 22.4 ಲೀಟರಿನ ನಿಯಮ ಅನಿಲಕ್ಕೆ, ನೀರು ದ್ರವ.